ತಾಟಿನಲ್ಲಿ ಉಳಿದ ಪೇರಲ ಹಣ್ಣು

ನಮ್ಮ ಓಣಿಗೆ ಪೇರಲ ಹಣ್ಣಿನ ಬುಟ್ಟಿ ಹೊತ್ತು ಬರುವ ಹೆಂಗಸು ಈಗಲೂ ನಮ್ಮ ಮನೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. ಕೂಗುವುದಿಲ್ಲ, ಬುಟ್ಟಿ ಇಳಿಸುವುದಿಲ್ಲ, ಗೇಟಿನ ಕಡೆ ನೋಡಿ ಮುಂದೆ ಹೋಗುತ್ತಾಳೆ. ಒಂದು ದಿನ ನಾನೇ ಹೊರಗೆ ಬಂದು ಯಾಕೆ ಎಂದು ಕೇಳಿದೆ.

"ಅವ್ವಾರು ಇಲ್ಲಂತ ಗೊತ್ತೈತ್ರಿ. ಖರೇ ಕಾಲು ತಾವ ನಿಂತಬಿಡತಾವು" ಎಂದಳು.

ಅವ್ವಾರು ಎಂದರೆ ನನ್ನ ಅತ್ತೆ. ಅವರು ತೀರಿಕೊಂಡ ಮೇಲೆ ಇದು ಎರಡನೆಯ ಪೇರಲದ ಹಂಗಾಮು. ಅವರಿದ್ದಾಗ ಈಕೆ ಬುಟ್ಟಿಯಲ್ಲಿನ ಒಂದು ಒಳ್ಳೆಯ ಹಣ್ಣನ್ನು ಎಲೆಯಲ್ಲಿ ಸುತ್ತಿ "ಇದು ಪೂಜಿದು" ಎಂದು ಬೇರೆ ಇಟ್ಟುಕೊಂಡು ಬರುತ್ತಿದ್ದಳು. ಆ ಹಣ್ಣು ನಮ್ಮ ಹೊಸ್ತಿಲು ದಾಟದಂತೆ ಎರಡು ವರ್ಷ ತಡೆದವಳು ನಾನು. ಯಾರೂ ನನ್ನನ್ನು ಈ ಬಗ್ಗೆ ಕೇಳಿಲ್ಲ, ಬೈದಿಲ್ಲ. ಕೇಳದೇ ಇರುವುದಕ್ಕೇ ಬರೆಯುತ್ತಿದ್ದೇನೆ.

ನಾನು ಗೋಕುಲ ರಸ್ತೆಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವವಳು. ಇಪ್ಪತ್ತು ವರ್ಷದ ಮೇಲಾಯಿತು. ಬೆಳಿಗ್ಗೆ ಏಳಕ್ಕೆ ಹೋದರೆ ಉಪವಾಸ ಬಂದವರ ಸಾಲು. ಅವರ ಮುಖ ನನಗೆ ನೆನಪಿರುವುದಿಲ್ಲ, ಸಕ್ಕರೆಯ ಅಂಕಿ ನೆನಪಿರುತ್ತದೆ. ನನ್ನ ಸ್ವಭಾವ ಮೊದಲಿನಿಂದಲೂ ಹಾಗೆಯೇ. ಅಂಕಿ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ ಎಂದು ನಂಬಿದವಳು. "ಏನೂ ತಿಂದಿಲ್ರೀ ಮೇಡಂ" ಎನ್ನುವವರ ಬಾಯಿಂದ ಚಹಾದ ವಾಸನೆ ಬರುವುದನ್ನು ದಿನವೂ ನೋಡಿ ನೋಡಿ ಆ ನಂಬಿಕೆ ಗಟ್ಟಿಯಾಗಿತ್ತು. ಮನೆಯಲ್ಲಿಯೂ ನಾನು ಹೇಳಿದ್ದೇ ನಡೆಯಬೇಕು. ನಮ್ಮವರು ಮೋಟರ್ ರಿವೈಂಡಿಂಗ್ ಅಂಗಡಿ ನಡೆಸುವವರು, ಜಗಳ ಒಲ್ಲದ ಮನುಷ್ಯ. ನಾನು ಏನಾದರೂ ಹೊಸ ಕಾಯಿದೆ ಮಾಡಿದರೆ, ಅಂಗಡಿಗೆ ಲಗೂ ಹೊರಟುಬಿಡುತ್ತಿದ್ದರು.

ಈ ಲ್ಯಾಬಿನ ಓದು ನನಗೆ ಕೊಡಿಸಿದವರು ಅತ್ತೆಯೇ. ಅವರು ಗರಗದವರು. ಮದುವೆಗೆ ಮೊದಲು ಅಲ್ಲಿ ಖಾದಿ ನೂಲು ತೆಗೆದವರು. ಕೊನೆಯವರೆಗೂ ಕೈ ಸುಮ್ಮನಿದ್ದರೆ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ತಿಕ್ಕುತ್ತಿದ್ದವು. ಸಾಲೆ ನಾಲ್ಕನೆಯ ಇಯತ್ತೆಗೆ ಬಿಟ್ಟಿದ್ದರು. ನಾನು ಸೊಸೆಯಾಗಿ ಬಂದ ವರ್ಷ, ಓದು ಅರ್ಧಕ್ಕೆ ನಿಂತಿದೆ ಎಂದು ಗೊತ್ತಾದಾಗ ಬೀಗರ ಮುಂದೆಯೇ "ಆಕಿ ಕಲೀಲಿ, ರೊಟ್ಟಿ ನಾ ಬಡೀತೇನಿ" ಎಂದರು. ಎರಡು ವರ್ಷ ನಾನು ಧಾರವಾಡದ ಬಸ್ಸು ಹಿಡಿದು ಓಡಾಡಿದೆ, ಅವರು ರೊಟ್ಟಿ ಬಡಿದರು. ಆಮೇಲೆ ಮನೆಗೆ ಯಾರೇ ಬಂದರೂ ನನ್ನನ್ನು ತೋರಿಸಿ "ನಮ್ಮ ಸೊಸಿ ಕಲತಾಕಿ" ಎನ್ನುವುದು ಅವರ ರೂಢಿಯಾಯಿತು. ಆ ಮಾತು ಕೇಳಿ ನಾನು ಉಬ್ಬುತ್ತಿದ್ದೆ. ಅವರು ನನ್ನನ್ನು ಎಷ್ಟು ನಂಬಿದ್ದಾರೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಅತ್ತೆಯ ಪೂಜೆಯ ಬಗ್ಗೆ ಹೇಳಬೇಕು. ಸ್ನಾನ ಮಾಡಿ, ಮಣೆಯ ಮೇಲೆ ಕೂತು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರೆ ಅರ್ಧ ತಾಸು ಅವರು ಯಾರಿಗೂ ಸಿಗುತ್ತಿರಲಿಲ್ಲ. ವಿಭೂತಿ, ಪತ್ರಿ, ಒಂದೆರಡು ಹೂವು. ಎಡೆಗೆ ಒಂದು ಹಣ್ಣು. ಇಂಥದ್ದೇ ಎಂದಿಲ್ಲ. ಬೇಸಿಗೆಗೆ ಮಾವು, ಶ್ರಾವಣಕ್ಕೆ ಬಾಳೆ, ಚಳಿಗಾಲಕ್ಕೆ ಪೇರಲ. ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ. ದಿನದ ಮೊದಲ ತುತ್ತು ಅದೇ, ಅದಕ್ಕೂ ಮೊದಲು ಚಹಾ ಕೂಡ ಇಲ್ಲ. ಪ್ರಸಾದ ಕೆಡಬಾರದು, ಚೆಲ್ಲಬಾರದು. ತಿಂದಾದ ಮೇಲೆ ಸಣ್ಣ ತಾಟಿಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದರು. ತಾಟು ತಿಕ್ಕಿಟ್ಟಷ್ಟು ಸ್ವಚ್ಛವಾಗಿರುತ್ತಿತ್ತು. ಪೇರಲ ಬೀಜ ಹಲ್ಲಿನ ಸಂದಿಗೆ ಸಿಕ್ಕರೆ ಅದನ್ನೂ ಉಗುಳಿದವರಲ್ಲ.

ನಾಲ್ಕೈದು ವರ್ಷದ ಹಿಂದೆ ಅವರಿಗೆ ಹೊಟ್ಟೆಯ ಬಲಗಡೆ ಭಾರ ಎನಿಸಹತ್ತಿತು. ಸ್ಕ್ಯಾನಿಂಗ್ ಮಾಡಿಸಿದೆವು. ಲಿವರಿನಲ್ಲಿ ಕೊಬ್ಬು ಕೂಡಿದೆ ಎಂದು ಬಂತು. ರಕ್ತ ನಾನೇ ತೆಗೆದು ನೋಡಿದೆ, ಸಕ್ಕರೆ ಗಡಿಯ ಮೇಲಿತ್ತು. ಡಾಕ್ಟರು ಅವಸರದಲ್ಲಿದ್ದರು. "ಸಿಹಿ ಕಡಿಮಿ ಮಾಡ್ರಿ, ದಿನಾ ಅಡ್ಡಾಡ್ರಿ, ಹೆದರೂ ಕಾರಣ ಇಲ್ಲ" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ನನಗೆ ಅಷ್ಟು ಸಾಲಲಿಲ್ಲ.

ಆ ದಿನಗಳಲ್ಲಿ ಫೋನಿನಲ್ಲಿ ಒಂದು ವಿಡಿಯೋ ಕೈಗೆ ಬಂತು. ಬಿಳಿ ಕೋಟು ತೊಟ್ಟ ಒಬ್ಬಾತ ಫ್ರಕ್ಟೋಸ್ ಬಗ್ಗೆ ಮಾತಾಡುತ್ತಿದ್ದ. ಹಣ್ಣಿನ ಸಕ್ಕರೆ ಅದು, ಸೀದಾ ಲಿವರಿಗೆ ಹೋಗುತ್ತದೆ, ಅಲ್ಲಿ ಕೊಬ್ಬಾಗುತ್ತದೆ, ನಿಧಾನದ ವಿಷ ಎಂದ. ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಆಮೇಲೆ ಹೇಳಿದ ಮಾತು: ನಿಮ್ಮ ಸಕ್ಕರೆಯ ತಪಾಸಣೆಯಲ್ಲಿ ಇದು ಕಾಣುವುದಿಲ್ಲ. ಅದು ನಿಜ. ನಮ್ಮ ಯಂತ್ರ ಅಳೆಯುವುದು ಗ್ಲೂಕೋಸನ್ನು ಮಾತ್ರ. ನನ್ನ ಇಪ್ಪತ್ತು ವರ್ಷದ ಕಣ್ಣಿಗೆ ಬೀಳದ ಒಂದು ಸಕ್ಕರೆ ನಮ್ಮದೇ ಮನೆಯಲ್ಲಿ, ದೇವರ ಮಣೆಯ ಮೇಲೆ, ದಿನವೂ ಕೂತಿದೆ ಎನಿಸಿತು. ಬೇರೆ ಕಸುಬಿನವರಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ನನಗೆ ಅಂಕಿ ಇಲ್ಲದ್ದು ಭೂತವೇ.

ಮರುದಿನ ಬೆಳಿಗ್ಗೆ ಕಾಯಿದೆ ಹೊರಡಿಸಿದೆ.

"ಅತ್ತಿ, ಇನ್ನಮ್ಯಾಲೆ ಹಣ್ಣು ಬ್ಯಾಡ್ರಿ. ಯಾವುದೂ ಬ್ಯಾಡ."

"ಹಣ್ಣಿನ್ಯಾಗ ಏನೈತವಾ?"

"ಅದರಾಗ ಒಂದ ಸಕ್ಕರಿ ಇರತೈತ್ರಿ. ಸೀದಾ ಲಿವರಿಗೆ ಹೋಗಿ ಕೊಬ್ಬ ಆಗತೈತಿ. ವಿಷ ಅಂತನ ತಿಳೀರಿ."

ಅವರು ಕೈಯಲ್ಲಿದ್ದ ಪೇರಲ ಹಣ್ಣನ್ನು ತಿರುಗಿಸಿ ನೋಡಿದರು. "ನಾವು ಸಣ್ಣವರಿದ್ದಾಗ ಗಿಡದ ಮ್ಯಾಲೆನ ಕುಂತ ತಿಂತಿದ್ವಿ" ಎಂದರು. ವಾದ ಮಾಡಲು ಅಲ್ಲ, ನೆನಪಾಗಿ ಅಂದಿದ್ದು.

"ಅದಕ್ಕ ಈಗ ಹಿಂಗ ಆಗೇತ್ರಿ" ಎಂದೆ ನಾನು. ಆ ಮಾತು ಎಷ್ಟು ಚುರುಕಾಗಿ ಬಾಯಿಗೆ ಬಂತೆಂದು ಈಗ ನೆನೆದರೆ ಮೈ ಜುಂ ಎನ್ನುತ್ತದೆ.

"ಆತು ಬಿಡು. ನೀ ಕಲತಾಕಿ, ನೀ ಹೇಳಿದ್ರ ಖರೇನ ಇರತೈತಿ" ಎಂದು ಹಣ್ಣನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಲ್ಯಾಬಿಗೆ ಒಯ್ದು, ಉಪ್ಪು ಖಾರ ಹಚ್ಚಿಕೊಂಡು ತಿಂದೆ. ನನ್ನ ಲಿವರಿನ ವಿಚಾರ ಆಗ ನೆನಪಿಗೇ ಬರಲಿಲ್ಲ.

ಹಣ್ಣು ಬಿಡಿಸಿದ ಮೇಲೆ ಬದಲಿಗೆ ಏನಾದರೂ ಒಳ್ಳೆಯದು ಕೊಡಬೇಕಲ್ಲ. ಪೂಜೆ ಮುಗಿದ ಕೂಡಲೇ ಬಿಸಿ ನೀರಿಗೆ ಲಿಂಬೆ ಹಿಂಡಿ, ಎರಡು ದೊಡ್ಡ ಚಮಚ ಜೇನುತುಪ್ಪ ಕಲಸಿ ಕೊಡಹತ್ತಿದೆ. ಕೊಬ್ಬು ಕರಗುತ್ತದೆ ಎಂದು ಎಲ್ಲರೂ ಹೇಳುವುದೇ. ಒಳ್ಳೆಯ ಜೇನುತುಪ್ಪವನ್ನು ಹುಡುಕಿ ತಂದಿದ್ದೆ. ಅತ್ತೆಗೆ ಅದು ಸೇರುತ್ತಿರಲಿಲ್ಲ. "ಗಂಟಲ ಹಿಡದಂಗ ಆಗತೈತಿ" ಎಂದರೂ ಕಣ್ಣು ಮುಚ್ಚಿ ಕುಡಿದು ಗ್ಲಾಸು ಕೊಡುತ್ತಿದ್ದರು. ಪ್ರಸಾದದ ಜಾಗಕ್ಕೆ ನನ್ನ ಗ್ಲಾಸು ಬಂದಿತ್ತು.

ಮೊದಲ ಕೆಲವು ದಿನ ಅವರು ಹಣ್ಣನ್ನು ಎಡೆಗೆ ಇಡುವುದು ಬಿಡಲಿಲ್ಲ. ಪೂಜೆ ಮಾಡಿ, ಪ್ರಸಾದ ಮಗನಿಗೆ ಕೊಡುತ್ತಿದ್ದರು. ಒಂದು ದಿನ ನಮ್ಮವರು ಬೆಳಿಗ್ಗೆಯೇ ಶಿರಗುಪ್ಪಿಗೆ ಹೊಲದ ಪಂಪಿನ ಮೋಟರ್ ಕೂಡಿಸಲು ಹೋಗಿದ್ದರು. ನಾನು ಅಡುಗೆಮನೆಯಿಂದ ಬಗ್ಗಿ ನೋಡಿದರೆ ಅತ್ತೆ ಮಣೆಯ ಮೇಲೆ ಕೂತು ಪೇರಲದ ಒಂದು ಹೋಳು ತಿನ್ನುತ್ತಿದ್ದರು. ಕದ್ದು ಅಲ್ಲ, ಬೆಳಕಿಗೆ ಮುಖ ಮಾಡಿಯೇ ತಿನ್ನುತ್ತಿದ್ದರು. ಪ್ರಸಾದ ಉಳಿಯಬಾರದಲ್ಲ, ತಿನ್ನುವ ಮಗ ಮನೆಯಲ್ಲಿ ಇರಲಿಲ್ಲ. ಅಷ್ಟೇ.

ನಾನು ಹೋಗಿ ಅವರ ಕೈಯಿಂದ ಹೋಳನ್ನು ಕಸಿದುಕೊಂಡೆ.

ಕಸಿದುಕೊಂಡೆ ಎಂಬ ಮಾತನ್ನು ಬದಲಿಸಿ ನೋಡಿದೆ. ತೆಗೆದುಕೊಂಡೆ, ಇಸಿದುಕೊಂಡೆ, ಹೀಗೆಲ್ಲ ಬರೆದು ಹೊಡೆದುಹಾಕಿದೆ. ಆದದ್ದು ಕಸಿದುಕೊಂಡದ್ದೇ. "ನಿಮ್ಮ ಛಲೋದಕ್ಕ ಹೇಳಾಕತ್ತೇನ್ರಿ, ತಿಳಿಯೂದಿಲ್ಲೇನು" ಎಂದೂ ಅಂದೆ. ಅವರ ಕೈ ಹಾಗೆಯೇ ಗಾಳಿಯಲ್ಲಿ ಇತ್ತು. ಬಾಯಲ್ಲಿದ್ದುದನ್ನು ನುಂಗಲೋ ಬೇಡವೋ ಎಂದು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನುಂಗಿದರು, ತಾಟು ತೊಳೆದ ನೀರು ಕುಡಿದರು, ಎದ್ದರು.

ಮರುದಿನ ಎಡೆಯಲ್ಲಿ ಹಣ್ಣಿರಲಿಲ್ಲ. ಒಂದು ಲೋಟ ನೀರು ಮಾತ್ರ. ಪೇರಲದ ಹೆಂಗಸು ಬಂದಾಗ ಅವರೇ ಹೊರಗೆ ಹೋಗಿ "ಇನ್ನ ಬ್ಯಾಡ ತಂಗಿ, ಬ್ಯಾರೆಯವರಿಗೆ ಕೊಡು" ಎಂದು ಕಳಿಸಿದರು. ನನಗೆ ಸಮಾಧಾನವಾಗುವ ಬದಲು ಏನೋ ಕಸಿವಿಸಿಯಾಯಿತು. "ಎಡಿಗೆ ಇಡ್ರಿ ಅತ್ತಿ, ಇವರು ತಿಂತಾರು. ನೀವು ತಿನ್ನಬ್ಯಾಡ್ರಿ ಅಂದೆ ಅಷ್ಟ" ಎಂದೆ.

"ನಾ ಒಲ್ಲದ್ದನ್ನ ದೇವರಿಗೆ ಹ್ಯಾಂಗ ಕೊಡ್ಲಿ?" ಎಂದರು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಲೆಕ್ಕ ತಪ್ಪಿದವರಿಗೆ ತಿಳಿಸಿ ಹೇಳುವ ಹಾಗಿತ್ತು.

ಎರಡು ವರ್ಷ ಹೀಗೆ ಹೋಯಿತು. ಮಾವಿನ ಕಾಲದಲ್ಲಿ ಬೀಗರು ಬಂದಾಗ ಶೀಕರಣೆ ಮಾಡುವವರು ಅವರೇ. ಆಪೂಸ್ ಹಣ್ಣಿನ ರಸ ಹಿಂಡಿ, ಯಾಲಕ್ಕಿ ಪುಡಿ ಹಾಕಿ, ನನ್ನನ್ನು ಕರೆದು "ರುಚಿ ನೋಡವಾ, ಸಿಹಿ ಸಾಕೇನು" ಎಂದು ಚಮಚ ಮುಂದೆ ಹಿಡಿಯುತ್ತಿದ್ದರು. ನಾನು ನೋಡಿ "ಛಲೋ ಆಗೇತ್ರಿ" ಎನ್ನುತ್ತಿದ್ದೆ. ಮೊಣಕೈವರೆಗೆ ರಸ ಇಳಿದಿರುತ್ತಿತ್ತು. ಅವರು ನಲ್ಲಿಯ ಕೆಳಗೆ ಕೈ ತೊಳೆದುಕೊಳ್ಳುತ್ತಿದ್ದರು. ಬೀಗರು ನೀವೂ ಬನ್ನಿ ಎಂದರೆ "ನಮ್ಮ ಸೊಸಿ ಬ್ಯಾಡಂದಾಳ್ರಿ" ಎನ್ನುತ್ತಿದ್ದರು. ಹೆಮ್ಮೆಯಿಂದ ಹೇಳುತ್ತಿದ್ದರೋ ನೋವಿನಿಂದ ಹೇಳುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಆಗ ಮಾತ್ರ ಹೆಮ್ಮೆಯೆಂದೇ ತಿಳಿದು ಬೀಗುತ್ತಿದ್ದೆ.

ಎರಡು ವರ್ಷದ ನಂತರ ಮತ್ತೆ ಸ್ಕ್ಯಾನಿಂಗ್ ಮಾಡಿಸಿದೆವು. ಕೊಬ್ಬು ಕಡಿಮೆಯಾಗಿರಲಿಲ್ಲ, ಒಂದು ಕೈ ಹೆಚ್ಚೇ ಆಗಿತ್ತು. ಡಾಕ್ಟರು ಈ ಸಲ ಊಟದ ಪಥ್ಯ ತಿಳಿಸಿ ಹೇಳುವ ತಜ್ಞೆಯೊಬ್ಬರ ಬಳಿ ಕಳಿಸಿದರು. ನನಗೆ ಮಗಳಾಗುವ ವಯಸ್ಸಿನ ಹುಡುಗಿ. ಅತ್ತೆಯನ್ನು ಎದುರಿಗೆ ಕೂಡಿಸಿಕೊಂಡು ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಉತ್ತರ ಕೊಟ್ಟವಳು ನಾನು.

"ಎರಡು ವರ್ಷ ಆತ್ರಿ, ಒಂದ ಹೋಳು ಹಣ್ಣು ಮುಟ್ಟಿಲ್ಲ" ಎಂದೆ, ಮೊದಲು ಹೇಳಿದ್ದೇ ಅದು. ಶಾಬಾಸ್ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಯಾಕ್ರೀ?" ಎಂದಳು.

ನಾನು ಫ್ರಕ್ಟೋಸ್ ಪುರಾಣ ಬಿಚ್ಚಿದೆ. ಮುಗಿದ ಮೇಲೆ, "ಹಣ್ಣಿನ ಬದಲಿ ಏನ ಕೊಟ್ಟೀರಿ?" ಎಂದು ಕೇಳಿದಳು. ಜೇನುತುಪ್ಪ ಎಂದೆ. ಎಷ್ಟು ಎಂದಳು. ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಜೇನತುಪ್ಪದಾಗ ಇರೂದ ಬಹಳಷ್ಟು ಫ್ರಕ್ಟೋಸ್ ಅಲ್ರೀ ಮೇಡಂ. ನೀವು ಯಾವುದನ್ನ ಬಿಡಿಸಬೇಕಂದ್ರಿ, ಅದನ್ನ ಚಮಚದಲೆ ಕೊಟ್ಟೀರಿ."

ಆಮೇಲೆ ಅವಳು ಹೇಳಿದ್ದು ದೊಡ್ಡ ಗುಟ್ಟೇನೂ ಅಲ್ಲ. ಫ್ರಕ್ಟೋಸ್ ತನ್ನಷ್ಟಕ್ಕೆ ತಾನೇ ವಿಷವಲ್ಲ. ಎಷ್ಟು ಹೋಗುತ್ತದೆ, ಯಾವುದರ ಜೊತೆ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ ಎಂಬುದರ ಮೇಲೆ ಎಲ್ಲ. ಬಾಟಲಿಯ ಪಾನೀಯ, ಸೋಸಿದ ಹಣ್ಣಿನ ರಸ, ಮಿಠಾಯಿ, ಇವುಗಳಿಂದ ದಿನವೂ ರಾಶಿಯಾಗಿ ಬಂದು ಬಿದ್ದರೆ ಲಿವರು ಸೋಲುತ್ತದೆ. ಇಡೀ ಹಣ್ಣಿನಲ್ಲಿ ಅದು ಸ್ವಲ್ಪವೇ ಇರುತ್ತದೆ. ನಾರು, ನೀರು ಕೂಡಿ ನಿಧಾನವಾಗಿ ಇಳಿಯುತ್ತದೆ, ಹೊಟ್ಟೆಯೂ ತುಂಬುತ್ತದೆ. ದಿನಕ್ಕೆ ಒಂದು ಪೇರಲ ತಿಂದು ಯಾರ ಲಿವರೂ ಕೆಡುವುದಿಲ್ಲ. "ಚಹಾಕ್ಕ ಹಾಕೂ ಸಕ್ಕರೀನೂ ಅರ್ಧ ಫ್ರಕ್ಟೋಸ್. ನಿಮಗ ಗೊತ್ತಿರಬೇಕಲ್ರಿ, ಲ್ಯಾಬಿನವರು" ಎಂದಳು.

ಗೊತ್ತಿತ್ತು. ಅತ್ತೆ ರೊಟ್ಟಿ ಬಡಿದು ನನ್ನನ್ನು ಕಳಿಸಿದ ಆ ಓದಿನಲ್ಲಿ ಅದು ಇತ್ತು. ಸಕ್ಕರೆ ಎಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಎಂದು ಬರೆದು ಪಾಸಾದವಳು ನಾನು. ಎರಡು ವರ್ಷ ಅತ್ತೆಯ ಎರಡು ಹೊತ್ತಿನ ಚಹಾಕ್ಕೆ ಸಕ್ಕರೆ ಹಾಕಿದವಳೂ ನಾನೇ. ಕಡಿಮೆ ಹಾಕುತ್ತಿದ್ದೆ, ಆದರೆ ಹಾಕುತ್ತಿದ್ದೆ. ಹಣ್ಣಿನ ಸಕ್ಕರೆ ಎಂಬ ಹೆಸರು ಕೇಳಿ ಹಣ್ಣನ್ನು ಹಿಡಿದೆ, ಸಕ್ಕರೆಯನ್ನು ಬಿಟ್ಟೆ. ಅತ್ತೆಯ ಕಡೆ ನೋಡುವ ಧೈರ್ಯ ಬರಲಿಲ್ಲ. ಅವರು ಆ ಹುಡುಗಿಗೆ ಹೇಳುತ್ತಿದ್ದರು: "ಆಕೀದೇನ ತಪ್ಪಿಲ್ಲವಾ, ನನ್ನ ಸಲುವಾಗಿ ಮಾಡ್ಯಾಳ."

ಹಾಗೆ ಅನ್ನದೇ ಎರಡು ಮಾತು ಬೈದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಮರುದಿನವೇ ಪೇರಲದ ಹೆಂಗಸನ್ನು ನಾನೇ ನಿಲ್ಲಿಸಿ ಹಣ್ಣು ಕೊಂಡೆ. ಜೇನುತುಪ್ಪದ ಬಾಟಲಿಯನ್ನು ಕೆಲಸದವಳಿಗೆ ಕೊಟ್ಟೆ. ಅತ್ತೆಯ ಹಲ್ಲು ಅಷ್ಟರಲ್ಲಿ ಸಡಿಲಾಗಿದ್ದವು, ಅದಕ್ಕೆ ಸಣ್ಣ ಹೋಳು ಮಾಡಿ ಎಡೆಯ ತಾಟಿನಲ್ಲಿ ಇಟ್ಟೆ. ಅವರು ಪೂಜೆ ಮಾಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಇಟ್ಟು, ಒಂದು ಹೋಳು ಎತ್ತಿಕೊಂಡರು. ಬಾಯಿಯ ಹತ್ತಿರ ಒಯ್ದು, ನಿಲ್ಲಿಸಿ, ನನ್ನ ಕಡೆ ತಿರುಗಿದರು.

"ತಿನ್ಲೇನವಾ?"

"ತಿನ್ರಿ ಅತ್ತಿ" ಎಂದೆ. ತಿಂದರು.

ಅದು ಆ ಒಂದು ದಿನಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ಮರುದಿನವೂ ಹೋಳು ಎತ್ತಿ ನನ್ನನ್ನು ನೋಡಿದರು, "ತಿನ್ಲೇನವಾ?" ಎಂದರು. ಅದರ ಮರುದಿನವೂ. ನಾನು ಸ್ನಾನಕ್ಕೆ ಹೋಗಿದ್ದರೆ ಬರುವವರೆಗೆ ಕಾಯುತ್ತಿದ್ದರು. ಅಂದು ಕಸಿದುಕೊಂಡ ನನ್ನ ಕೈ ಅವರೊಳಗೆ ಹೀಗೆ ಉಳಿದುಬಿಟ್ಟಿತ್ತು. ಈ ಮನೆಯನ್ನು ಕಟ್ಟಿಸುವಾಗ ಕಲ್ಲಿಗೆ ನೀರು ಹೊಡೆದವರು, ನನಗೆ ಓದಲು ಅಪ್ಪಣೆ ಕೊಟ್ಟವರು, ತಮ್ಮ ಪ್ರಸಾದ ತಿನ್ನಲು ನನ್ನ ಅಪ್ಪಣೆ ಕೇಳುತ್ತಿದ್ದರು.

"ಕೇಳಬ್ಯಾಡ್ರಿ ಅತ್ತಿ, ಅದು ನಿಮ್ಮದ, ನೀವು ತಿನ್ರಿ" ಎಂದು ಎಷ್ಟೋ ಸಲ ಹೇಳಿದೆ. ಕಾಲು ಹಿಡಿಯುವುದೊಂದು ಉಳಿದಿತ್ತು, ಒಂದು ದಿನ ಅದನ್ನೂ ಮಾಡಿದೆ. ಅವರು ಗಾಬರಿಯಾಗಿ ಕಾಲು ಎಳೆದುಕೊಂಡರು. "ಏಳವಾ, ಹಿಂಗ ಮಾಡಬಾರದು. ನಿನ್ನ ಕೇಳಿದ್ರ ನನಗ ಧೈರ್ಯ ಇರತೈತಿ. ಅದಕ್ಕ ಕೇಳತೇನಿ" ಎಂದರು. ಆ ಧೈರ್ಯವನ್ನು ಕಳೆದವಳು ನಾನೇ ಎಂದು ಅವರಿಗೆ ಹೊಳೆದಿತ್ತೋ ಇಲ್ಲವೋ. ಹೊಳೆದರೂ ಅನ್ನುವವರಲ್ಲ.

ಅವರು ಹೋದದ್ದು ಲಿವರಿನಿಂದ ಅಲ್ಲ. ಸಕ್ಕರೆ ಬಿಟ್ಟು, ಓಣಿಯಲ್ಲಿ ಅಡ್ಡಾಡಿ, ದಿನವೂ ಹಣ್ಣು ತಿಂದು ಲಿವರು ತುಸು ಸುಧಾರಿಸಿತ್ತು. ಮರುವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಎದೆನೋವು ಬಂದು ಒಂದೇ ದಿನದಲ್ಲಿ ತೀರಿಕೊಂಡರು. ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ಕೇಳಿದ್ದೆ, ಅದಕ್ಕೆ ಹೇಳಿದರು. ಅವರ ಮಾತಿನಿಂದ ನನಗೆ ಸಮಾಧಾನವಾಗಿಲ್ಲ, ಯಾಕೆಂದರೆ ನನ್ನನ್ನು ಕಾಡುವುದು ಅತ್ತೆ ಹೋದ ದಿನವಲ್ಲ. ಅದಕ್ಕೂ ಒಂದು ತಿಂಗಳು ಮೊದಲಿನ ಒಂದು ದಿನ.

ಅಂದು ಲ್ಯಾಬಿನಲ್ಲಿ ಜೊತೆಯವಳು ರಜೆ ಹಾಕಿದ್ದಳು. ಬೆಳಿಗ್ಗೆ ಫೋನಿನ ಮೇಲೆ ಫೋನು. ನಾನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಡಬ್ಬಿ ಕಟ್ಟಿಕೊಂಡು, ದೇವರ ಮಣೆಯ ಮುಂದೆಯೇ ಹಾಯ್ದು ಹೊರಗೆ ಹೋದೆ. ಅತ್ತೆ ಏನೋ ಅಂದದ್ದು ಕಿವಿಗೆ ಬಿದ್ದಿತ್ತು. ತಿರುಗಿ ನೋಡಲಿಲ್ಲ. ನಮ್ಮವರು ಆಗಲೇ ಅಂಗಡಿಗೆ ಹೋಗಿದ್ದರು, ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ನಾನು ಮನೆಗೆ ಬಂದಾಗ ನಾಲ್ಕು ಗಂಟೆ. ಅಡುಗೆಮನೆಯಲ್ಲಿ ಮುಚ್ಚಿಟ್ಟು ಹೋಗಿದ್ದ ರೊಟ್ಟಿ, ಪಲ್ಯ ಹಾಗೆಯೇ ಇತ್ತು. ಚಹಾದ ಪಾತ್ರೆ ಒಣಗಿತ್ತು. ಅತ್ತೆ ದೇವರ ಮಣೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದರು, ಬೆರಳೆರಡು ಮೆಲ್ಲಗೆ ತಿಕ್ಕುತ್ತಿದ್ದವು. ಎದುರಿಗೆ ಸಣ್ಣ ತಾಟು. ಅದರಲ್ಲಿ ನಾನು ಬೆಳಿಗ್ಗೆ ಹೆಚ್ಚಿಟ್ಟ ಪೇರಲದ ಹೋಳುಗಳು, ಅಂಚು ಒಣಗಿ ಕಂದಾಗಿದ್ದವು. ಒಂದೂ ಕಡಿಮೆಯಾಗಿರಲಿಲ್ಲ.

"ಯಾಕ್ರಿ ಅತ್ತಿ, ಪ್ರಸಾದ ಹಂಗ ಐತಿ? ಮುಂಜಾನಿಂದ ಏನೂ ತಿಂದಿಲ್ಲೇನು?"

"ಪ್ರಸಾದ ತಿನ್ನಲಾರದ ಉಣ್ಣೂದು ಹ್ಯಾಂಗವಾ" ಎಂದರು. ನಕ್ಕರು. "ಕೇಳಿದ್ನಲ್ಲ, ನೀ ಏನೂ ಅನ್ನಲಿಲ್ಲ."

ನಾನು ಚಪ್ಪಲಿಯನ್ನೂ ಬಿಡದೆ ಅಲ್ಲಿಯೇ ನೆಲದ ಮೇಲೆ ಕೂತೆ. ಅವರು ಒಂದು ಹೋಳು ಎತ್ತಿ, ನನ್ನ ಮುಖವನ್ನೇ ನೋಡುತ್ತ ಕಾದರು.

"ತಿನ್ರಿ" ಎಂದೆ.

ಅವರು ಒಂದೊಂದೇ ಹೋಳು ತಿಂದರು. ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದರು.